ಉಯಿಲಿನಲ್ಲಿ ಕ್ಯಾನ್ಸರ್ ರೋಗಿಗಳಿಗೂ ಒಂದು ಪಾಲು: ಬರೆಯುವುದು ಹೇಗೆ?

'ಕ್ಯಾನ್ಸರ್ ಆಸ್ಪತ್ರೆಗೆ ಸ್ವಲ್ಪ ಹಣ ಕೊಡಿ' ಅಂತ ಸುಮ್ನೆ ಒಂದು ಸಾಲು ಬರೆದಿಟ್ಟರೆ ಸಾಲದು. ಯಾವ ಆಸ್ಪತ್ರೆ, ಎಷ್ಟು ಹಣ ಅಂತ ಕೇಳಿದಾಗ ಹೇಳಲು ನೀವಿರುವುದಿಲ್ಲ, ಅಲ್ವಾ?

ಮೊದಲು ಮನೆಯವರ ಲೆಕ್ಕ ನೋಡಿ. ನಿಮ್ಮನ್ನೇ ನಂಬಿಕೊಂಡವರಿಗೆ ಎಷ್ಟು ಬೇಕು, ಸಾಲ ಎಷ್ಟಿದೆ ಅಂತ ಬರೆದುಕೊಳ್ಳಿ. ಕೆಲವು ಕಾನೂನುಗಳ ಪ್ರಕಾರ ಆಸ್ತಿಯ ಒಂದು ಪಾಲು ವಾರಸುದಾರರಿಗೇ ಹೋಗಬೇಕು, ಅದನ್ನು ಲಾಯರ್ ಹತ್ತಿರ ಕೇಳಿ ತಿಳಿದುಕೊಳ್ಳಿ.

ಉಳಿಯುವುದು ಕಡಿಮೆ ಅಂತ ಹಿಂಜರಿಯಬೇಡಿ. 1948ರಲ್ಲಿ ಲಂಡನ್ನಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ ಡೇವಿಡ್ ಟಾಸ್ಮಾ ಎಂಬ ನಿರಾಶ್ರಿತ, ಕೊನೆಯ ದಿನಗಳಲ್ಲಿ ತನ್ನ ಜೊತೆಗಿದ್ದ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಸಿಸಿಲಿ ಸಾಂಡರ್ಸ್ ಅವರಿಗೆ 500 ಪೌಂಡ್ ಬಿಟ್ಟುಹೋದರು. ಸಾಯುವವರ ನೋವು ತಗ್ಗಿಸಲು ಒಂದು ಮನೆ ಬೇಕು ಅಂತ ಇಬ್ಬರೂ ಮಾತಾಡಿಕೊಂಡಿದ್ದರು, ಆ ಮನೆಯಲ್ಲಿ ತಾನೊಂದು ಕಿಟಕಿಯಾಗುತ್ತೇನೆ ಅಂತ ಟಾಸ್ಮಾ ಹೇಳಿದ್ದರಂತೆ. 1967ರಲ್ಲಿ ಸಾಂಡರ್ಸ್ ಕಟ್ಟಿದ ಆ ಮನೆ, ಅಂದರೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಸಾವಿನಂಚಿನ ರೋಗಿಗಳ ಆರೈಕೆ ಕೇಂದ್ರ) ಬಾಗಿಲು ತೆರೆಯಿತು.

ಇನ್ನು ಮೊತ್ತ. 'ಇಷ್ಟು ಹಣ' ಅಂತ ಬರೆಯಬಹುದು. ಆದರೆ ಇಪ್ಪತ್ತು ವರ್ಷದಲ್ಲಿ ಆ ಹಣದ ಬೆಲೆ ಕರಗುತ್ತದೆ. ಇಲ್ಲವೇ ಕೊನೆಗಾಲದಲ್ಲಿ ನಿಮ್ಮ ಚಿಕಿತ್ಸೆಗೇ ಜಾಸ್ತಿ ಖರ್ಚಾಗಿ, ಬರೆದಷ್ಟು ಕೊಡಲು ಹೋದರೆ ಮನೆಯವರ ಪಾಲಿಗೆ ಕತ್ತರಿ ಬೀಳುತ್ತದೆ. ಅದಕ್ಕೇ ಶೇಕಡಾವಾರು ಪಾಲು ಬರೆಯುವುದು ವಾಸಿ ಅನ್ನುತ್ತೇನೆ. ವಾಕ್ಯ ಹೀಗಿರಲಿ: 'ನನ್ನ ಸಾಲ, ಖರ್ಚು ಎಲ್ಲ ತೀರಿಸಿದ ಮೇಲೆ ಉಳಿಯುವ ಆಸ್ತಿಯಲ್ಲಿ ಶೇ 10ರಷ್ಟು ಇಂಥ ಸಂಸ್ಥೆಗೆ. ಆ ಹೊತ್ತಿಗೆ ಅದು ಮುಚ್ಚಿದ್ದರೆ ಅಥವಾ ಬೇರೆ ಸಂಸ್ಥೆಯಲ್ಲಿ ಸೇರಿಹೋಗಿದ್ದರೆ, ಇದೇ ಕೆಲಸ ಮಾಡುವ ಇನ್ನೊಂದು ಸಂಸ್ಥೆಗೆ ಎಕ್ಸಿಕ್ಯೂಟರ್ ಕೊಡಬೇಕು.' ಎಕ್ಸಿಕ್ಯೂಟರ್ ಅಂದರೆ ಉಯಿಲಿನಲ್ಲಿ ಬರೆದಂತೆ ಆಸ್ತಿ ಹಂಚಲು ನೀವು ಹೆಸರಿಸುವವರು. ಸಂಸ್ಥೆಯ ನೋಂದಾಯಿತ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಮೂರನ್ನೂ ಅವರ ಕಚೇರಿಯಿಂದಲೇ ಕೇಳಿ ಪಡೆಯಿರಿ. ಒಂದೇ ಥರದ ಹೆಸರಿನ ಟ್ರಸ್ಟ್‌ಗಳು ಬೇಕಾದಷ್ಟಿರುತ್ತವೆ.

ಯಾವುದಕ್ಕೆ ಬಳಸಬೇಕು ಅಂತಲೂ ಬರೆಯಬಹುದು, ಆದರೆ ಕೈ ಕಟ್ಟಿಹಾಕಬೇಡಿ. ಒಂದು ಕಾಲಕ್ಕೆ ರೇಡಿಯೇಷನ್ (ಕಿರಣ ಚಿಕಿತ್ಸೆ) ಅಂದರೆ ಕೋಬಾಲ್ಟ್ ಯಂತ್ರ, ಈಗ ಬಹಳ ಕಡೆ ಆ ಜಾಗಕ್ಕೆ ಲೀನಿಯರ್ ಆಕ್ಸಿಲರೇಟರ್ ಎಂಬ ಬೇರೆ ಯಂತ್ರ ಬಂದಿದೆ. ಇಂಥದ್ದೇ ಯಂತ್ರ ಕೊಳ್ಳಬೇಕು ಅಂತ ಬರೆದರೆ ಹಣ ಕೊಳೆಯುತ್ತಾ ಕೂರಬಹುದು. 'ಬಡ ರೋಗಿಗಳ ಚಿಕಿತ್ಸೆ ಮತ್ತು ನೋವು ಶಮನಕ್ಕೆ' ಅಂದರೆ ಸಾಕು. ಚಿಕಿತ್ಸೆಗೆ ಬಂದವರ ಓಡಾಟದ ಖರ್ಚು, ಜೊತೆಗಿರುವವರ ವಸತಿ, ಇವನ್ನೂ ಸೇರಿಸಿ ಅಂತ ನನ್ನ ಕೋರಿಕೆ. ರೇಡಿಯೇಷನ್‌ಗೆ ವಾರಗಟ್ಟಲೆ ದಿನಾ ಬರಬೇಕಾಗುತ್ತದೆ, ಉಳಿಯಲು ಜಾಗ ಸಿಗದೆ ಚಿಕಿತ್ಸೆ ಅರ್ಧಕ್ಕೇ ಬಿಡುವವರಿದ್ದಾರೆ.

ಸಹಿ ಹಾಕುವಾಗ ಸಾಮಾನ್ಯವಾಗಿ ಇಬ್ಬರು ಸಾಕ್ಷಿಗಳು ಎದುರಿಗಿರಬೇಕು. ಉಯಿಲಿನಿಂದ ಲಾಭ ಪಡೆಯುವವರು ಸಾಕ್ಷಿ ಹಾಕಬಾರದು, ಎಷ್ಟೋ ಕಡೆ ಅವರಿಗೆ ಬರೆದ ಪಾಲೇ ಬಿದ್ದುಹೋಗುತ್ತದೆ. ಈಗಾಗಲೇ ಉಯಿಲು ಇದ್ದರೆ ಅದರ ಮೇಲೆ ಪೆನ್ನಿನಲ್ಲಿ ತಿದ್ದಬೇಡಿ. ಪೂರಕ ಉಯಿಲು ಬರೆದು, ಅದಕ್ಕೂ ಹೀಗೇ ಸಹಿ, ಸಾಕ್ಷಿ ಹಾಕಿಸಿ.

ಮಕ್ಕಳಿಗೆ ಈಗಲೇ ಹೇಳಿಬಿಡಿ. ಆಮೇಲೆ ಗೊತ್ತಾದರೆ ಬೇಜಾರಾಗಿ ಕೋರ್ಟಿಗೂ ಹೋಗಬಹುದು. ಮೂಲಪ್ರತಿ ಎಲ್ಲಿದೆ ಅಂತ ಎಕ್ಸಿಕ್ಯೂಟರ್‌ಗೆ ಗೊತ್ತಿರಲಿ, ನಿಮ್ಮೊಬ್ಬರ ಹೆಸರಿನ ಲಾಕರ್‌ನಲ್ಲಿ ಮಾತ್ರ ಇಡಬೇಡಿ.