ಹೋಟೆಲ್ ಯೂನಿಫಾರ್ಮಿಗೆ ಕೊನೆಗೂ ಪ್ಯಾಚೇ ಗೆದ್ದಿತು: ನನ್ನ ಅನುಭವ

ಲೋಗೋವನ್ನು ಬೇರೆ ಬಟ್ಟೆಯ ತುಂಡಿನ ಮೇಲೆ ಹೊಲಿಸಿ, ಆ ತುಂಡನ್ನು ಶರ್ಟಿಗೆ ಹೊಲಿಯುವುದೇ ಪ್ಯಾಚ್. ಅದು ಶಾಲೆ ಮಕ್ಕಳ ಬ್ಯಾಡ್ಜ್, ಈ ಕಾಲದಲ್ಲಿ ಅದನ್ನು ಯಾರು ಕೇಳುತ್ತಾರೆ ಅಂತ ಮುಂಬೈಯಲ್ಲಿ ನಮ್ಮ ಯೂನಿಫಾರ್ಮ್ ಲೈನಿನವರೆಲ್ಲ ಹೇಳಿದ್ದರು. ಸುಮ್ನೆ ಡಿಟಿಎಫ್ ಹೊಡಿ (ಫಿಲ್ಮ್ ಮೇಲೆ ಪ್ರಿಂಟ್ ತೆಗೆದು, ಅಂಟಿನ ಪೌಡರ್ ಹಾಕಿ, ಬಿಸಿಯಲ್ಲಿ ಬಟ್ಟೆಗೆ ಒತ್ತುವ ಕೆಲಸ), ಪ್ರೆಸ್ ಮಾಡು, ಕೊಟ್ಟುಬಿಡು ಅಂತ. ಈಗ ಮಾಟುಂಗದಿಂದ ಮುಲುಂಡ್‌ವರೆಗೆ ನಾನು ಬಟ್ಟೆ ಕೊಡುವ ಉಡುಪಿ ಹೋಟೆಲುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಪ್ಯಾಚೇ. ಹಾಗೆ ಹೇಳಿದವರಲ್ಲೇ ಕೆಲವರು ನನ್ನ ಹತ್ತಿರ ಪ್ಯಾಚ್ ಮಾಡಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹೋಟೆಲ್ ಬಟ್ಟೆಯ ಕಷ್ಟ ಬೇರೆಯದೇ. ದಿನಾ ಒಗೆಯುತ್ತಾರೆ. ಸಾಂಬಾರ್ ಕಲೆ ಹೋಗಲಿ ಅಂತ ಧೋಬಿ ಬ್ಲೀಚ್ ಸುರಿಯುತ್ತಾನೆ, ಆಮೇಲೆ ಕಾದ ಇಸ್ತ್ರಿ ಒತ್ತುತ್ತಾನೆ. ಮೇಲಿಂದ ಸಪ್ಲೈಯರ್ ಹುಡುಗರು ನಿಲ್ಲುವುದಿಲ್ಲ, ಊರಿಗೆ ಹೋದವನು ವಾಪಸ್ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ.

ಮೊದಲು ಸ್ಕ್ರೀನ್ ಪ್ರಿಂಟ್ ಮಾಡಿಸುತ್ತಿದ್ದೆ. ಒಂದು ಸಲ ಮರೂನ್ ಪಾಲಿಯೆಸ್ಟರ್ ಟೀಶರ್ಟ್ ಮೇಲೆ ಬಿಳಿ ಲೋಗೋ. ಬಿಸಿಯಲ್ಲಿ ಇಂಕು ಗಟ್ಟಿಯಾಗಿ (ಕ್ಯೂರ್ ಆಗಿ) ಹೊರಬಂದಾಗ ಅಚ್ಚ ಬಿಳಿ. ಎರಡು ಮೂರು ದಿನ ಬಿಟ್ಟು ಹೋಟೆಲಿನಲ್ಲಿ ಬಂಡಲ್ ಬಿಚ್ಚಿದರೆ ಎಲ್ಲವೂ ತಿಳಿ ಗುಲಾಬಿ. 160 ಡಿಗ್ರಿಗೆ ಪಾಲಿಯೆಸ್ಟರಿನ ಬಣ್ಣ ಮೇಲೆದ್ದು ಇಂಕಿನೊಳಗೆ ಸೇರುತ್ತದೆ, ನಿಮಗೂ ಗೊತ್ತಿರುತ್ತದೆ. ಕಡಿಮೆ ಬಿಸಿಯ ಇಂಕು, ಅಡಿಗೆ ಬಟ್ಟೆಯ ಬಣ್ಣ ತಡೆಯುವ ಬೂದು ಇಂಕಿನ (ಗ್ರೇ ಬ್ಲಾಕರ್) ಕೋಟ್ ಹಾಕಿದರೆ ತಡೆಯಬಹುದು, ಆದರೆ 30-40 ಪೀಸಿನ ಆರ್ಡರಿಗೆ ಅಷ್ಟೆಲ್ಲ ಮಾಡಿದರೆ ಏನು ಉಳಿಯುತ್ತದೆ? ಆ ಲಾಟಿನಲ್ಲಿ 12 ಸಾವಿರದ ಹತ್ತಿರ ಹೋಯಿತು.

ಆಮೇಲೆ ಡಿಟಿಎಫ್. ನೋಡಲು ಚೆಂದ, ಎಷ್ಟು ಬಣ್ಣ ಬೇಕಾದರೂ ಬರುತ್ತದೆ. ಆದರೆ ಮುಂಬೈ ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಪೌಡರ್ ಗಂಟು ಕಟ್ಟಿ, ಬೇಡದ ಕಡೆ ಅಂಟಿ, ಲೋಗೋ ಸುತ್ತ ಧೂಳಿನ ಹಾಗೆ ಬಿಳಿ ಚುಕ್ಕೆ ಬರುತ್ತಿತ್ತು. ಅದನ್ನು ಡೀಹ್ಯುಮಿಡಿಫೈಯರ್ ಇಟ್ಟು ಸರಿ ಮಾಡಿದರೂ ಧೋಬಿಯ ಇಸ್ತ್ರಿಯನ್ನು ತಡೆಯುವವರು ಯಾರು? ನೇರ ಇಸ್ತ್ರಿ ಇಟ್ಟರೆ ಅಡಿಯ ಅಂಟು ಮತ್ತೆ ಕರಗುತ್ತದೆ. ಅಂಚು ಏಳುತ್ತದೆ. ಮೇ ತಿಂಗಳಲ್ಲಿ ಎದೆಯ ಮೇಲೆ ಪ್ಲಾಸ್ಟಿಕ್ ಅಂಟಿಸಿದ ಹಾಗಾಗುತ್ತದೆ ಅಂತ ಹುಡುಗರೂ ಗೊಣಗುತ್ತಿದ್ದರು.

ನೇರ ಎಂಬ್ರಾಯ್ಡರಿ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ತೆಳು ಶರ್ಟಿನಲ್ಲಿ ಬಟ್ಟೆ ಸುಕ್ಕಾಗುತ್ತದೆ. ಕನ್ನಡ ಅಕ್ಷರ ಇದ್ದರಂತೂ ಇನ್ನೂ ಫಜೀತಿ. ‘ಕೃಷ್ಣ’ ಅಂತ ಸಣ್ಣದಾಗಿ ಹೊಲಿದರೆ ಷಕಾರದ ಕೆಳಗಿನ ಒತ್ತು ಪೂರಾ ತುಂಬಿ ಬರೀ ದಾರದ ಗುಡ್ಡೆ ಆಗುತ್ತದೆ. ಎಲ್ಲಕ್ಕಿಂತ ದೊಡ್ಡ ನಷ್ಟ ಸ್ಟಾಕಿನದು. ಲೋಗೋ ಬಿದ್ದ ಶರ್ಟ್ ಆ ಹೋಟೆಲಿಗೆ ಮಾತ್ರ ಸಲ್ಲುತ್ತದೆ. ಉಳಿದ ಎಕ್ಸ್ಎಲ್ ಸೈಜುಗಳನ್ನು ಏನು ಮಾಡುವುದು?

ಪ್ಯಾಚಿನಲ್ಲಿ ಈ ತಲೆನೋವೇ ಇಲ್ಲ. ಸೊಲ್ಲಾಪುರದಿಂದ ಪ್ಲೇನ್ ಶರ್ಟ್ ತರಿಸುತ್ತೇನೆ, ಅದನ್ನು ಯಾವ ಹೋಟೆಲಿಗೆ ಬೇಕಾದರೂ ಕೊಡಬಹುದು. ಪ್ಯಾಚ್ ಬೇರೆಯಾಗಿ 100-150 ಒಟ್ಟಿಗೆ ಹೊಲಿಸುತ್ತೇನೆ, ಧಾರಾವಿಯಲ್ಲಿ ಮಲ್ಟಿಹೆಡ್ (ಒಂದೇ ಸಲ ಹಲವು ಪೀಸ್ ಹೊಲಿಯುವ ಎಂಬ್ರಾಯ್ಡರಿ ಮೆಷಿನ್) ಇರುವವರ ಹತ್ತಿರ. ಗಟ್ಟಿ ಪಾಲಿಯೆಸ್ಟರ್ ಟ್ವಿಲ್ (ಓರೆ ನೇಯ್ಗೆಯ ಬಟ್ಟೆ) ಮೇಲೆ, ಪಾಲಿಯೆಸ್ಟರ್ ದಾರದಲ್ಲೇ. ರೇಯಾನ್ ದಾರದ ಹೊಳಪು ಜಾಸ್ತಿ, ಆದರೆ ಬ್ಲೀಚಿಗೆ ಬಣ್ಣ ಬಿಡುತ್ತದೆ, ಹತ್ತಿರ ಸೇರಿಸಬೇಡಿ. ಸಣ್ಣ ಅಕ್ಷರಕ್ಕೆ ಮಾತ್ರ 60 ನಂಬರಿನ ಸಪೂರ ದಾರ, ಸೂಜಿಯೂ ಸಣ್ಣದು. ಟ್ವಿಲ್ ಅಲುಗದ ಕಾರಣ ‘ಕೃಷ್ಣ’ನ ಒತ್ತು ಈಗ ಬಿಡಿಸಿ ಓದುವ ಹಾಗೆ ಬರುತ್ತದೆ.

ಹೊಲಿಯುವ ಮೊದಲು ಕಾಟನ್ ಶರ್ಟನ್ನು ಒಮ್ಮೆ ನೆನೆಸಿ ಒಣಗಿಸಲೇಬೇಕು. ಶರ್ಟ್ ಕುಗ್ಗುತ್ತದೆ, ಪ್ಯಾಚ್ ಕುಗ್ಗುವುದಿಲ್ಲ, ಮೊದಲ ಒಗೆತಕ್ಕೇ ಉಬ್ಬಿ ನಿಲ್ಲುತ್ತದೆ. ಜೇಬಿನ ಮೇಲೆ ಹಾಕಬೇಡಿ, ಆರ್ಡರ್ ಪುಸ್ತಕ ಇಡಲು ಜೇಬು ಬೇಕು. ಜೇಬಿಗಿಂತ ಮೇಲೆ ಎರಡು ಬೆರಳು ಬಿಟ್ಟು ಕೂರಿಸುತ್ತೇನೆ. ಮೇಲಿನ ದಾರ ಬಾರ್ಡರಿನ ಬಣ್ಣದ್ದು, ಒಳಮೈಯಲ್ಲಿ ಬರುವ ಬಾಬಿನ್ ದಾರ ಮಾತ್ರ ಎದ್ದು ಕಾಣುವ ಬೇರೆ ಬಣ್ಣದ್ದು. ಯಾಕೆ ಗೊತ್ತಾ? ಶರ್ಟ್ ಹರಿದಾಗ ಟೈಲರ್ ಒಳಗಿನಿಂದ ಆ ದಾರವನ್ನಷ್ಟೇ ಕತ್ತರಿಸುತ್ತಾನೆ, ಪ್ಯಾಚಿಗೆ ಒಂದು ಗೀರೂ ಬೀಳದೆ ಬಿಡಿಸಿಕೊಳ್ಳುತ್ತದೆ. ಅದನ್ನೇ ಹೊಸ ಶರ್ಟಿಗೆ ಹಾಕಿದರಾಯಿತು. ಹೊಲಿಯುವಾಗ ಜಾರದಿರಲಿ ಅಂತ ಹಿಂದೆ ಏನು ಹಚ್ಚುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೆ ತುಂಬಾ ಅಲೆದಿದ್ದೇನೆ.

ಲೆಕ್ಕ ಸುಮಾರಾಗಿ ಹೀಗೆ: ಪಂಚಿಂಗ್ (ಲೋಗೋವನ್ನು ಮೆಷಿನ್ ಹೊಲಿಯುವ ಫೈಲ್ ಮಾಡಿಸುವುದು) ಒಂದೇ ಸಲ, 400 ಇರಬಹುದು. ಪ್ಯಾಚ್ 25-30 ರೂಪಾಯಿ, ಹೊಲಿಗೆ 8-10. ನೇರ ಎಂಬ್ರಾಯ್ಡರಿಗೆ ಸುಮಾರು 25 ಬೀಳುತ್ತಿತ್ತು. ಮೊದಲ ಶರ್ಟಿಗೆ ಪ್ಯಾಚೇ ದುಬಾರಿ, ನಿಜ. ಎರಡನೇ ಶರ್ಟಿಗೆ ಬರೀ ಹೊಲಿಗೆ ಖರ್ಚು. ನನ್ನ ಪ್ಯಾಚುಗಳು ಮೂರನೇ ಶರ್ಟ್ ನೋಡುತ್ತಿವೆ.

ನಡುವೆ ವೆಲ್ಕ್ರೋ ಕೂಡ ಮಾಡಿ ನೋಡಿದೆ, ಬಿಚ್ಚಿ ಹಾಕಲು ಸುಲಭ ಅಲ್ವಾ ಅಂತ. ಒಗೆಯುವಾಗ ಕೊಕ್ಕೆಗಳಲ್ಲಿ ನೂಲಿನ ಕಸ ತುಂಬಿ ಹಿಡಿತವೇ ಹೋಯಿತು. ಇನ್ನೊಂದು ಮಾತ್ರ ಚೆನ್ನಾಗಿ ಕೂತಿತು: ಬಣ್ಣ ಬಣ್ಣದ ಲೋಗೋ ಇದ್ದರೆ ಬಿಳಿ ಪಾಲಿಯೆಸ್ಟರ್ ಟ್ವಿಲ್ ಮೇಲೆ ಸಬ್ಲಿಮೇಶನ್ (ಕಾಗದದ ಪ್ರಿಂಟಿನ ಬಣ್ಣವನ್ನು ಬಿಸಿಯಿಂದ ಬಟ್ಟೆಯೊಳಗೆ ಇಳಿಸುವುದು) ಮಾಡಿ, ಬಾರ್ಡರ್ ಮಾತ್ರ ಎಂಬ್ರಾಯ್ಡರಿ. ಹೊಲಿಗೆ ಕಡಿಮೆ, ರೇಟೂ ಕಡಿಮೆ. ಪ್ರೆಸ್ಸಿನ ಟೈಮಿಂಗ್ ಮಾತ್ರ ನೀವೇ ಹುಡುಕಿಕೊಳ್ಳಿ.

ಎಲ್ಲದಕ್ಕೂ ಪ್ಯಾಚ್ ಅಂತ ನಾನು ಹೇಳುವುದಿಲ್ಲ. ಗಣಪತಿ ಮಂಡಳದವರ ಕಾಟನ್ ಟೀಶರ್ಟಿಗೆ ಇವತ್ತಿಗೂ ಸ್ಕ್ರೀನ್ ಪ್ರಿಂಟೇ ಸರಿ, ಕಬಡ್ಡಿ ಜೆರ್ಸಿಗೆ ಸಬ್ಲಿಮೇಶನ್. ಹೋಟೆಲ್ ಆರ್ಡರ್ ಬಂದರೆ ಮಾತ್ರ ಮೊದಲು ಕೇಳುವುದು ಬಟ್ಟೆ ಎಲ್ಲಿ ಒಗೆಸುತ್ತೀರಿ ಶೆಟ್ರೇ, ಹುಡುಗರು ಎಷ್ಟು ತಿಂಗಳು ನಿಲ್ಲುತ್ತಾರೆ ಅಂತ. ರೇಟಿನ ಮಾತು ಆಮೇಲೆ.