ಹೆಂಚಿನ ಮನೆಗೆ ಟವರ್ ಸ್ಪೀಕರ್ ಆರಿಸಿದ ಬಗೆ

ಕೊಡಗಿನಲ್ಲಿ ಸ್ಪೀಕರ್ ಕೊಳ್ಳುವವರು ಮೊದಲು ತಮ್ಮ ಮನೆಯ ಮಾಡನ್ನು ನೋಡಬೇಕು, ಬೆಲೆಪಟ್ಟಿಯನ್ನು ಆಮೇಲೆ. ನಮ್ಮದು ಸಿದ್ದಾಪುರದ ಕಡೆಯ ಹಳೆಯ ಮನೆ. ಮಂಗಳೂರು ಹೆಂಚು, ಮರದ ಅಟ್ಟ, ಕೆಂಪು ಕಾವಿ ನೆಲ. ಸಿನಿಮಾ ನೋಡುವುದು, ಹಾಡು ಕೇಳುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ಸಂಜೆಗಳಲ್ಲಿ. ಹೆಂಚಿನ ಮೇಲೆ ಜಡಿಮಳೆ ಹಿಡಿಯಿತೆಂದರೆ ಪಾತ್ರಗಳ ಮಾತು ಅದರಡಿ ಹೂತುಹೋಗುತ್ತದೆ. ನನ್ನ ಹಳೆಯ, ಕಪಾಟಿನ ಮೇಲಿಡುವಷ್ಟು ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್‌ಗಳು ಬೇಸಿಗೆಯಲ್ಲಿ ಹಾಡುತ್ತಿದ್ದವು, ಜಡಿಮಳೆಯ ಕಕ್ಕಡ ತಿಂಗಳಲ್ಲಿ ಕಿರುಚುತ್ತಿದ್ದವು. ನೆಲದ ಮೇಲೆ ನಿಲ್ಲುವ ಎತ್ತರದ ಟವರ್ ಸ್ಪೀಕರ್‌ಗೆ ಬದಲಾಯಿಸುವ ಆಸೆ ಅಲ್ಲಿಂದ ಹುಟ್ಟಿತು. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಅದು ಕೈಗೂಡಿತು.

ಟವರ್ ಎಂದರೆ ಬೇಸ್, ಅಂದರೆ ಗುಡುಗಿನಂಥ ತಗ್ಗು ಸ್ವರ ಎಂದೇ ಹೆಚ್ಚಿನವರ ಎಣಿಕೆ. ನನಗೆ ಬೇಸ್ ಬೇಕಿರಲಿಲ್ಲ, ಅದಕ್ಕೆಂದೇ ಇರುವ ಸಬ್‌ವೂಫರ್ ಎಂಬ ಪೆಟ್ಟಿಗೆ ಮೊದಲೇ ಇತ್ತು. ಬೇಕಿದ್ದದ್ದು ಅದರ ಮೇಲಿನ ಭಾಗ, ಸುಮಾರು 80ರಿಂದ 300 ಹರ್ಟ್ಜ್‌ವರೆಗಿನದು (ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ). ಗಂಡಸಿನ ದನಿಯ ತೂಕ, ಮೃದಂಗದ ಎಡಮುಖದ ನಾದ, ತಂಬೂರಿಯ ತಂತಿಗಳು ಎಲ್ಲವೂ ಅಲ್ಲಿವೆ. ತಗ್ಗು ಸ್ವರ ನುಡಿಸುವ ಐದು ಇಂಚಿನ ಒಂದೇ ವೂಫರ್ ಇರುವ ಪುಟ್ಟ ಪೆಟ್ಟಿಗೆಯನ್ನು ಜೋರಾಗಿ ಹಾಡಿಸಿದರೆ ಮೊದಲು ಏದುಸಿರು ಬಿಡುವುದು ಇಲ್ಲಿಯೇ. ಆರೂವರೆ ಇಂಚಿನ ಎರಡು ವೂಫರ್‌ಗಳ ಟವರ್‌ಗೆ ಅದೇ ಕೆಲಸ ಸಲೀಸು.

ತಾಂತ್ರಿಕ ವಿವರಗಳ ಹಾಳೆಯಲ್ಲಿ ನಾನು ಹುಡುಕಿದ್ದು ಸೆನ್ಸಿಟಿವಿಟಿಯನ್ನು. ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟು, ಒಂದು ಮೀಟರ್ ದೂರದಲ್ಲಿ ಅಳೆದ ಸದ್ದಿನ ಮಟ್ಟ ಅದು. ಹಳೆಯ ಜೋಡಿಯದು 85 ಡೆಸಿಬೆಲ್. 90 ಡೆಸಿಬೆಲ್‌ನ ಟವರ್ ಆದರೆ ಅದೇ ಆ್ಯಂಪ್ಲಿಫೈಯರ್ ಮೂರು ಪಟ್ಟು ದೊಡ್ಡದಾದಂತೆ ಲೆಕ್ಕ, ಏಕೆಂದರೆ ಪ್ರತಿ 3 ಡೆಸಿಬೆಲ್‌ಗೆ ವಿದ್ಯುತ್ ಶಕ್ತಿ ಎರಡು ಪಟ್ಟು ಬೇಕು. ಮಳೆಯ ಸದ್ದನ್ನು ಮೀರಬೇಕಾದ ಮನೆಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. 'ಗರಿಷ್ಠ 200 ವ್ಯಾಟ್' ಎಂದು ದಪ್ಪಕ್ಷರದಲ್ಲಿ ಬರೆದದ್ದು ಸ್ಪೀಕರ್ ಎಷ್ಟನ್ನು ತಾಳಿಕೊಳ್ಳುತ್ತದೆ ಎಂಬುದನ್ನಷ್ಟೇ ಹೇಳುತ್ತದೆ, ಎಷ್ಟು ಜೋರಾಗಿ ಹಾಡುತ್ತದೆ ಎಂಬುದನ್ನಲ್ಲ. ಜೊತೆಗೆ ಇಂಪಿಡೆನ್ಸ್, ಅಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯನ್ನೂ ನೋಡಿದೆ. ಆ್ಯಂಪ್ಲಿಫೈಯರ್ ಒಳಗೇ ಇರುವ ನನ್ನ ಮಧ್ಯಮ ದರ್ಜೆಯ ಎವಿ ರಿಸೀವರ್ 4 ಓಮ್‌ಗಿಂತ ಕೆಳಗಿಳಿಯುವ ಸ್ಪೀಕರ್ ಸಿಕ್ಕರೆ ಬಿಸಿಯಾಗುತ್ತದೆ. ರಿಸೀವರ್‌ನ ಪೆಟ್ಟಿಗೆಯ ಮೇಲಿನ 'ಚಾನೆಲ್‌ಗೆ 100 ವ್ಯಾಟ್' ಕೂಡ ಸಾಮಾನ್ಯವಾಗಿ ಎರಡೇ ಚಾನೆಲ್ ದುಡಿಯುವಾಗಿನ ಅಳತೆ.

ಮೈಸೂರು, ಬೆಂಗಳೂರಿನ ಅಂಗಡಿಗಳಿಗೆ ಹೋಗುವಾಗ ನನ್ನದೇ ಪೆನ್‌ಡ್ರೈವ್ ಇಟ್ಟುಕೊಂಡಿದ್ದೆ. ಅದರಲ್ಲಿ ವೀಣೆ, ಹೆಣ್ಣು ದನಿಯ ಒಂದು ವಚನ ಗಾಯನ, ಪಿಸುಮಾತಿನ ಸಿನಿಮಾ ದೃಶ್ಯ, ಮತ್ತು ನಮ್ಮ ಬಳಗದ ಮದುವೆಯಲ್ಲಿ ಚೆನ್ನಾಗಿ ಮುದ್ರಿಸಿಕೊಂಡಿದ್ದ ದುಡಿ, ಕೊಂಬುಗಳ ವಾದನ. ಕೊನೆಯದೇ ನನ್ನ ನಿಜವಾದ ಒರೆಗಲ್ಲು. ದುಡಿ ಚಿಕ್ಕ ವಾದ್ಯ, ಅದರ ಪೆಟ್ಟು ಒಣಗಿದ, ಚುರುಕಾದ ಪೆಟ್ಟು, ಹಿಂದೆ ಗುಂಯ್‌ಗುಡುವುದಿಲ್ಲ. ಅಂಗಡಿಯಲ್ಲಿ ಎಲ್ಲರೂ ಹೊಗಳುತ್ತಿದ್ದ ಒಂದು ಜೋಡಿಯಲ್ಲಿ ದುಡಿಗೆ ಚೆಂಡೆಯಷ್ಟು ಹೊಟ್ಟೆ ಬಂದಿತ್ತು. ಸ್ಪೀಕರ್ ತನ್ನದನ್ನು ಸೇರಿಸುತ್ತಿದೆ ಎಂದು ಅಲ್ಲೇ ತಿಳಿಯಿತು. ಇನ್ನೊಂದರಲ್ಲಿ ಕೊಂಬಿನ ದನಿ ಕಿವಿಗೆ ಸೂಜಿಯಾಗಿ ಚುಚ್ಚಿತು. ಕಾರ್ಪೆಟ್ ಹಾಸಿದ ಅಂಗಡಿಯಲ್ಲೇ ಹೀಗಾದರೆ ನಮ್ಮ ಕಾವಿ ನೆಲದ ಮೇಲೆ ಗತಿಯೇನು?

ಸ್ಪೀಕರ್ ಬದಲಿಸಿದಾಗಲೆಲ್ಲ ಮೊಬೈಲ್‌ನ ಸೌಂಡ್ ಮೀಟರ್ ಹಿಡಿದು ಸದ್ದನ್ನು ಸಮ ಮಾಡಿಸಿಕೊಳ್ಳುತ್ತಿದ್ದೆ. ಒಂದು ಡೆಸಿಬೆಲ್ ಜೋರಾಗಿರುವುದು ಜೋರೆಂದು ಅನ್ನಿಸುವುದಿಲ್ಲ, ಚೆನ್ನಾಗಿದೆ ಎಂದೇ ಅನ್ನಿಸುತ್ತದೆ. ಮಾರುವವರಿಗೆ ಇದು ಗೊತ್ತು. ಸ್ಫೋಟದ ದೃಶ್ಯ ಹಾಕಿ ತೋರಿಸಲು ಬಂದವರಿಗೆ ಬೇಡ ಎಂದೆ. ಸ್ಫೋಟ ಎಲ್ಲ ಸ್ಪೀಕರ್‌ನಲ್ಲೂ ಸ್ಫೋಟವೇ.

ಕೊನೆಗೆ ಆರಿಸಿದ್ದು ತಗ್ಗು, ಮಧ್ಯ, ಮೇಲಿನ ಸ್ವರಗಳನ್ನು ಮೂರು ಪಾಲು ಮಾಡಿ ಮಧ್ಯದ ದನಿಗೆ ಪ್ರತ್ಯೇಕ ಡ್ರೈವರ್ (ಸದ್ದು ಹೊರಡಿಸುವ ಭಾಗ) ಇಟ್ಟಿರುವ, ಬೇಸ್ ರಂಧ್ರ ಮುಂಭಾಗದಲ್ಲಿರುವ ಮೂರು-ದಾರಿಯ ಟವರ್. ಅದೇ ಸರಣಿಯಲ್ಲಿ ಇನ್ನೂ ದೊಡ್ಡದೊಂದಿತ್ತು. ಅದನ್ನು ಬಿಟ್ಟು, ಉಳಿದ ಹಣವನ್ನು ಅದೇ ಸರಣಿಯ, ಪರದೆಯ ನಡುವೆ ಇಡುವ ಸೆಂಟರ್ ಸ್ಪೀಕರ್‌ಗೆ ಹಾಕಿದೆ. ಸಿನಿಮಾದ ಸಂಭಾಷಣೆ ಬಹುಪಾಲು ಸೆಂಟರ್‌ನಿಂದ ಬರುತ್ತದೆ, ಅದರ ದನಿ ಟವರ್‌ಗಳಿಗೆ ಹೊಂದದಿದ್ದರೆ ಒಬ್ಬ ನಟ ಪರದೆಯ ಎಡದಿಂದ ಬಲಕ್ಕೆ ನಡೆಯುವಾಗ ಅವನ ಗಂಟಲೇ ಬದಲಾಗುತ್ತದೆ. ಮಾಡೆಲ್ ಯಾವುದೆಂದು ಕೇಳುವವರಿಗೆ ನಾನು ಹೇಳುವುದಿಲ್ಲ. ಅದು ನನ್ನ ಹಾಲ್‌ಗೆ ಹೊಂದಿತು, ನಿಮ್ಮದು ಬೇರೆ.

ಹಾಲ್ 18 ಅಡಿ ಉದ್ದ, 13 ಅಡಿ ಅಗಲ. ಶಬ್ದದ ವೇಗವನ್ನು ಅಗಲದ ಎರಡು ಪಟ್ಟಿನಿಂದ ಭಾಗಿಸಿದರೆ ಸುಮಾರು 43 ಹರ್ಟ್ಜ್ ಬರುತ್ತದೆ. ಆ ಸ್ವರ ಬಂದಾಗ ಕೋಣೆಯೇ ದನಿಗೂಡಿಸುತ್ತದೆ. ಬೇಸ್ ಗಿಟಾರ್‌ನ ಅತಿ ಕೆಳಗಿನ ತಂತಿ 41 ಹರ್ಟ್ಜ್, ಹಾಗಾಗಿ ಈ ಗುಮ್ಮೆನ್ನುವಿಕೆ ಪ್ರತಿ ಎರಡನೇ ಹಾಡಿನಲ್ಲಿ ಹಾಜರು. ಟವರ್‌ಗಳನ್ನು ಹಿಂದಿನ ಗೋಡೆಯಿಂದ ಎರಡಡಿ ಮುಂದೆ ತಂದು, ಮೂಲೆಗಳಿಂದ ದೂರ ಸರಿಸಿ, ಕಿವಿಯತ್ತ ತುಸು ತಿರುಗಿಸಿದೆ. ಮುಂದೆ ದಪ್ಪ ಜಮಖಾನೆ, ಹಿಂದಿನ ಮೂಲೆಯಲ್ಲಿ ಸುತ್ತಿಟ್ಟ ಹತ್ತಿಯ ಹಾಸಿಗೆ. ಜಮಖಾನೆ ಮೇಲಿನ ಸ್ವರಗಳ ಮಾರ್ದನಿಯನ್ನು ಹೀರಿತು, ಬೇಸ್‌ಗೆ ಅದರಿಂದ ಏನೂ ಆಗದು. ಅದಕ್ಕೆ ಜಾಗ ಬದಲಿಸುವುದೇ ಮದ್ದು.

ಸ್ಪೀಕರ್ ಅಡಿಗೆ ಹಾಕುವ ಚೂಪು ಲೋಹದ ಕಾಲುಗಳಾದ ಸ್ಪೈಕ್‌ಗಳ ವಿಷಯಕ್ಕೆ ಅಮ್ಮ ಒಪ್ಪಲಿಲ್ಲ. "ಅಜ್ಜನ ಕಾಲದ ನೆಲ ಅದು, ಮೊಳೆ ಊರಿಸಬೇಡ" ಎಂದರು. ರಬ್ಬರ್ ಕಾಲು ಹಾಕಿದೆ. ಕೇಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಂಡದ್ದು ಬೇರೆಡೆ. 20ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಸ್ವರ ಹಾಕಿ ಹಾಲ್‌ನಲ್ಲಿ ಸುತ್ತಾಡಿದರೆ, ಗೋಡೆಯ ಹಿರಿಯರ ಫೋಟೊಗಳ ಗಾಜು ಒಂದೊಂದೂ ತನ್ನ ಸರದಿಯಲ್ಲಿ ನಡುಗುತ್ತಿತ್ತು. ಚೌಕಟ್ಟಿನ ಹಿಂದಿನ ಮೂಲೆಗಳಿಗೆ ಉಣ್ಣೆಯ ಚೂರು ಅಂಟಿಸಿದ ಮೇಲೆ ಹಿರಿಯರು ಸುಮ್ಮನಾದರು. ಅಟ್ಟದ ಒಂದು ಹಲಗೆ ಇನ್ನೂ ತಕರಾರು ಮಾಡುತ್ತದೆ.

ರಿಸೀವರ್‌ನಲ್ಲಿ ಟವರ್‌ಗಳನ್ನು 'ಸ್ಮಾಲ್' (ಸಣ್ಣ) ಎಂದೇ ಇಟ್ಟು, 80 ಹರ್ಟ್ಜ್‌ಗಿಂತ ಕೆಳಗಿನ ಸ್ವರಗಳು ಅವುಗಳಿಗೆ ಹೋಗದಂತೆ ಕತ್ತರಿಸಿದ್ದೇನೆ. ಇಷ್ಟು ಎತ್ತರದ ಸ್ಪೀಕರನ್ನು ಸಣ್ಣದೆನ್ನಲು ಮನಸ್ಸು ಬರುವುದಿಲ್ಲ, ಆದರೆ ಅದು ಗಾತ್ರದ ಮಾತಲ್ಲ. ಭಾರದ ಸ್ವರಗಳು ಸಬ್‌ವೂಫರ್‌ಗೆ ಹೋದರೆ ರಿಸೀವರ್ ಹಗುರಾಗಿ ಮಾತುಗಳು ಸ್ಪಷ್ಟವಾಗುತ್ತವೆ. ಸಂಗೀತಕ್ಕೆ ಮಾತ್ರ ಸಬ್‌ವೂಫರ್ ನಿಲ್ಲಿಸಿ, ಟವರ್‌ಗಳೆರಡನ್ನೇ ಪೂರ್ತಿಯಾಗಿ ಹಾಡಲು ಬಿಡುತ್ತೇನೆ.

ಇನ್ನು ತೇವ. ಬಟ್ಟೆಯ ಕಪಾಟಿನೊಳಗೆ ಬಲ್ಬ್ ಉರಿಸಿಡುವ ಊರಿನಲ್ಲಿ ಮರದ ಪೆಟ್ಟಿಗೆಗೆ ರಿಯಾಯಿತಿ ಸಿಗುವುದಿಲ್ಲ. ವೂಫರ್‌ನಲ್ಲಿ ಕಂಪಿಸುವ ಶಂಕುವಿನ, ಅಂದರೆ ಕೋನ್‌ನ ಅಂಚು ಫೋಮ್‌ನದ್ದಾದರೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ, ರಬ್ಬರ್ ಅಂಚಿನದ್ದನ್ನೇ ಕೇಳಿ ಪಡೆಯಬೇಕು. ಮಳೆಗಾಲದಲ್ಲಿ ಕಪ್ಪು ಬಟ್ಟೆಯ ಮುಸುಕಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ, ಮುಸುಕನ್ನು ಕಳಚಿ ಒಣ ಬ್ರಷ್‌ನಿಂದ ತೆಗೆಯುತ್ತೇನೆ. ದುಬಾರಿ ಕೇಬಲ್‌ಗೆ ಹಣ ಸುರಿಯಲಿಲ್ಲ. 2.5 ಚದರ ಮಿಲಿಮೀಟರ್‌ನ ಸಾಮಾನ್ಯ ತಾಮ್ರದ ತಂತಿಯೇ ಸಾಕು, ಆದರೆ ಅದರ ತುದಿ ಹಸಿರುಗಟ್ಟುವುದರಿಂದ ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಅರ್ಧ ಇಂಚು ಕತ್ತರಿಸಿ ಹೊಸದಾಗಿ ಸುಲಿದು ಜೋಡಿಸುತ್ತೇನೆ. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಪ್ಲಗ್ ಜೊತೆಗೆ ಡಿಶ್‌ನ ಕೇಬಲನ್ನೂ ಕಳಚಬೇಕು, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಹಳೆಯ ಬುಕ್‌ಶೆಲ್ಫ್ ಜೋಡಿ ಈಗ ಸೋಫಾದ ಹಿಂದೆ ಸರೌಂಡ್ (ಸುತ್ತಲಿನ ಸದ್ದಿನ) ಸ್ಪೀಕರ್ ಆಗಿ ದುಡಿಯುತ್ತಿದೆ. ಅಲ್ಲಿ ಬೇರೆ ಕಂಪನಿಯದಾದರೂ ನಡೆಯುತ್ತದೆ, ಅಲ್ಲಿಂದ ಬರುವುದು ಹೆಚ್ಚಾಗಿ ಹಿನ್ನೆಲೆಯ ಸದ್ದುಗಳೇ. ಮಳೆಯ ದೃಶ್ಯ ಬಂದಾಗ ಅಮ್ಮ ಒಮ್ಮೊಮ್ಮೆ ಅಂಗಳದಲ್ಲಿ ಹರಡಿದ ಮೆಣಸಿನ ನೆನಪಾಗಿ ಏಳುತ್ತಾರೆ.