‘ಈಸಿ ಕೊಡಿಸುತ್ತೇವೆ’ ಎಂದು ಬರೆಯದೆ ಕೆಲಸ ಹಿಡಿಯುವುದು: ನನ್ನ ಅನುಭವ

“ಈಸಿ ಎಷ್ಟು ದಿನದಲ್ಲಿ ಮಾಡಿಸಿಕೊಡ್ತೀರಿ?” ಬೆಂಗಳೂರಿನ ಪರಿಸರ ಕನ್ಸಲ್ಟೆನ್ಸಿಗೆ ಬರುವ ಫೋನ್‌ಗಳಲ್ಲಿ ಮೊದಲ ಪ್ರಶ್ನೆ ಬಹುತೇಕ ಇದೇ. ಈಸಿ ಎಂದರೆ ಯೋಜನೆಗೆ ಬೇಕಾದ ಪರಿಸರ ಅನುಮತಿ. ಅದನ್ನು ಕೊಡುವುದು ರಾಜ್ಯ ಮಟ್ಟದ ಪ್ರಾಧಿಕಾರ ಅಥವಾ ಕೇಂದ್ರ ಸಚಿವಾಲಯ. ನಮ್ಮ ಕೈಯಲ್ಲಿರುವುದು ತಪ್ಪಿಲ್ಲದ ಅರ್ಜಿ, ನಿಲ್ಲುವಂಥ ಇಐಎ (ಪರಿಸರದ ಮೇಲಿನ ಪರಿಣಾಮದ ಅಧ್ಯಯನ) ವರದಿ, ಅರ್ಜಿ ಪರಿಶೀಲಿಸುವ ಸಮಿತಿ ಕೇಳುವ ಪ್ರಶ್ನೆಗೆ ಉತ್ತರ. ಹಾಗಾಗಿ ನಮ್ಮ ಪ್ರಪೋಸಲ್‌ನ ಕೆಲಸದ ಪಟ್ಟಿಯಲ್ಲಿ ಈ ಮೂರೇ ಇರುತ್ತವೆ, ‘ಅನುಮತಿ ಕೊಡಿಸುವುದು’ ಎಂಬ ಸಾಲು ಇರುವುದಿಲ್ಲ. ಇದರಿಂದ ಕೆಲವು ಕ್ಲೈಂಟ್‌ಗಳು ಫೋನ್ ಇಟ್ಟುಬಿಡುತ್ತಾರೆ. ಇಡಲಿ.

ನೌಕರರೇ ಮಾಲೀಕರಾಗಿರುವ ಕಂಪನಿಯಲ್ಲಿ ಮಾರ್ಕೆಟಿಂಗ್ ನೋಡಿಕೊಳ್ಳುವವನಿಗೆ ಈ ಕಟ್ಟುಪಾಡು ಇನ್ನೂ ಬಿಗಿ. ಇಐಎ ವರದಿಯಲ್ಲಿ ಕೋಆರ್ಡಿನೇಟರ್ ಮತ್ತು ಒಬ್ಬೊಬ್ಬ ವಿಷಯ ತಜ್ಞರೂ ತಮ್ಮ ಹೆಸರಿನಲ್ಲಿ ಘೋಷಣೆಗೆ ಸಹಿ ಹಾಕಬೇಕು. ಇಐಎ ಮಾಡಲು ಕನ್ಸಲ್ಟೆನ್ಸಿಗೆ ಬೇಕಾದ ನಬೆಟ್ ಮಾನ್ಯತೆ ನಿಂತಿರುವುದೂ ಅವರ ಮೇಲೆಯೇ. ವಾಯು, ಜಲ, ಅಂತರ್ಜಲ, ಜೀವವೈವಿಧ್ಯ, ಸಾಮಾಜಿಕ ಅಧ್ಯಯನ ಹೀಗೆ ಪ್ರತಿ ವಿಭಾಗಕ್ಕೂ ಒಪ್ಪಿತ ತಜ್ಞ ಇರಲೇಬೇಕು. ಸಹಿ ಹಾಕುವ ಅವರೇ ಷೇರುದಾರರೂ ಹೌದು. ನಾನು ಹೊರಗೆ ಕೊಟ್ಟ ಮಾತು ಅವರ ಸಹಿಗೂ ತಟ್ಟುತ್ತದೆ, ದುಡ್ಡಿಗೂ ತಟ್ಟುತ್ತದೆ.

‘ನಮ್ಮದು ನೌಕರರ ಒಡೆತನದ ಕಂಪನಿ’ ಎಂದು ಬ್ರೋಷರ್‌ನಲ್ಲಿ ದಪ್ಪಕ್ಷರದಲ್ಲಿ ಹಾಕಿದರೆ ಕ್ಲೈಂಟ್‌ಗೆ ಏನೂ ಅನಿಸುವುದಿಲ್ಲ. ಅವರಿಗೆ ಬೇಕಾದ್ದು ಬೇರೆ: ಎಸ್‌ಇಎಸಿ, ಅಂದರೆ ಅರ್ಜಿ ಪರಿಶೀಲಿಸುವ ರಾಜ್ಯದ ತಜ್ಞರ ಸಮಿತಿಯ ಎದುರು ಕೂರುವವರು ಯಾರು, ಕೆಲಸ ಮುಗಿಯುವವರೆಗೆ ಅವರು ಇರುತ್ತಾರಾ? ಅದಕ್ಕೇ ಪ್ರಪೋಸಲ್‌ನ ಮೊದಲ ಪುಟದಲ್ಲಿ ಕೆಲಸ ಮಾಡುವವರ ಹೆಸರು, ಅವರು ಕಂಪನಿಯಲ್ಲಿ ಕಳೆದ ವರ್ಷಗಳು, ಷೇರುದಾರರೆಂಬ ಒಂದು ಸಾಲು. ಅಷ್ಟು ಸಾಕು.

ಹೊಸ ಕ್ಲೈಂಟ್ ವಿಚಾರಿಸಿದ ದಿನವೇ ನಾಲ್ಕು ವಿಷಯ ಕೇಳುತ್ತೇವೆ: ಸರ್ವೆ ನಂಬರ್, ಒಟ್ಟು ಬಿಲ್ಟ್‌ಅಪ್ ಏರಿಯಾ, ಕಾರ್ಖಾನೆಯಾದರೆ ಉತ್ಪನ್ನ ಮತ್ತು ಸಾಮರ್ಥ್ಯ, ಜಾಗದಲ್ಲಿ ಈಗ ಏನಾಗಿದೆ. 2006ರ ಸೆಪ್ಟೆಂಬರ್ 14ರ ಇಐಎ ಅಧಿಸೂಚನೆಯಲ್ಲಿ ಕಟ್ಟಡಗಳಿಗೆ 20,000 ಚದರ ಮೀಟರ್ ಒಂದು ಗಡಿ, 1,50,000 ಇನ್ನೊಂದು. ಅನುಮತಿ ಬೇಕಾಗುವ ಮೊದಲ ಗಡಿಯ ಅಂಚಿನಲ್ಲಿ 19,800 ಎಂದು ಬರುವ ಪ್ಲಾನ್‌ಗಳನ್ನು ಎರಡು ಸಲ ಓದಬೇಕು. ಪಕ್ಕದ ಸರ್ವೆ ನಂಬರ್‌ನಲ್ಲಿ ಅದೇ ಬಿಲ್ಡರ್‌ನ ‘ಫೇಸ್ 2’ ಇದ್ದರೆ ಅದನ್ನು ಕೂಡಿಸಿಯೇ ಲೆಕ್ಕ ಹಾಕುತ್ತೇವೆ. ಬೇಡ ಎಂದರೆ ಕೋಟೇಶನ್ ಕೊಡುವುದಿಲ್ಲ.

ಜಾಗದ ಪರೀಕ್ಷೆಗೆ ಅರ್ಧ ಗಂಟೆ ಸಾಕು. ರಾಜ್ಯ ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ಕೆರೆ, ರಾಜಕಾಲುವೆ, ಸರ್ಕಾರಿ ಜಮೀನು ತಾಗುತ್ತದೆಯೇ ನೋಡುತ್ತೇವೆ. ಆಮೇಲೆ ಗೂಗಲ್ ಅರ್ತ್ ಪ್ರೊ ತೆರೆದು, ಮೇಲಿನ ಪಟ್ಟಿಯ ಗಡಿಯಾರದ ಗುರುತು ಒತ್ತಿ, ಹಳೆಯ ಉಪಗ್ರಹ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತೇವೆ. ಒಂದು ವರ್ಷದ ಹಿಂದೆ ಹಸಿರಾಗಿದ್ದ ಜಾಗ ಈಗ ಕೆಂಪು ಮಣ್ಣಿನ ಚೌಕವಾಗಿದ್ದರೆ ಅಗೆತ ಶುರುವಾಗಿದೆ ಎಂದೇ ಹಿಡಿಯಬೇಕು. ಅಧಿಸೂಚನೆಯ ಪ್ರಕಾರ ಜಾಗಕ್ಕೆ ಬೇಲಿ ಹಾಕಿ ಭದ್ರ ಮಾಡಿಕೊಳ್ಳುವುದನ್ನು ಬಿಟ್ಟು ನೆಲ ಸಿದ್ಧಪಡಿಸುವುದಕ್ಕೂ ಮುಂಚಿತ ಅನುಮತಿ ಬೇಕು. ಇಲ್ಲದಿದ್ದರೆ ಅದು ಉಲ್ಲಂಘನೆಯ ಪ್ರಕರಣ: ಬೇರೆ ಕೆಲಸ, ಬೇರೆ ಅಪಾಯ. ಕ್ಲೈಂಟ್ “ಬರೀ ಲೆವೆಲಿಂಗ್ ಸಾರ್” ಅನ್ನುತ್ತಾರೆ. ಚಿತ್ರದ ದಿನಾಂಕ ತೋರಿಸಿ ಮಾತು ಮುಂದುವರಿಸಬೇಕು.

ಕೆರೆಯ ಸುತ್ತ ಕಟ್ಟದೆ ಬಿಡಬೇಕಾದ ಬಫರ್‌ನ ಅಂಕಿಗಳನ್ನು ಮಾತ್ರ ಮಾರ್ಕೆಟಿಂಗ್ ಸಾಮಗ್ರಿಯಲ್ಲಿ ಅಚ್ಚು ಹಾಕಿಸಬೇಡಿ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಬಫರ್ ಅಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ನಡುವಿನ ವರ್ಷಗಳ ಬ್ರೋಷರ್‌ಗಳೆಲ್ಲ ರದ್ದಿ. ಈಗ ‘ಅರ್ಜಿ ದಿನದಂದು ಜಾರಿಯಲ್ಲಿರುವ ನಿಯಮದಂತೆ’ ಎಂದಷ್ಟೇ ಬರೆದು, ಅಂಕಿಯನ್ನು ಜಾಗದ ವರದಿಯಲ್ಲಿ ಕೊಡುತ್ತೇವೆ.

ಈ ವ್ಯಾಪಾರದ ಕ್ಯಾಲೆಂಡರ್ ಹಿಡಿಯುವುದು ಮಳೆ. ಇಐಎಗೆ ಮಳೆಗಾಲ ಬಿಟ್ಟು ಒಂದು ಋತುವಿನ, ಅಂದರೆ ಮೂರು ತಿಂಗಳ, ಬೇಸ್‌ಲೈನ್ ದತ್ತಾಂಶ, ಅಂದರೆ ಯೋಜನೆಗೆ ಮುಂಚೆ ಅಲ್ಲಿನ ಗಾಳಿ, ನೀರು ಹೇಗಿವೆ ಎಂಬ ಅಳತೆ, ಬೇಕು. ಮಾರ್ಚ್‌ನಿಂದ ಮೇ, ಅಕ್ಟೋಬರ್‌ನಿಂದ ಡಿಸೆಂಬರ್, ಇಲ್ಲವೇ ಚಳಿಗಾಲ. ಜೂನ್ ಮೊದಲ ವಾರ ವರ್ಕ್ ಆರ್ಡರ್ ಕೊಟ್ಟು “ಆಗಸ್ಟ್‌ಗೆ ರಿಪೋರ್ಟ್” ಎನ್ನುವ ಕ್ಲೈಂಟ್‌ಗೆ ಆಗುವುದಿಲ್ಲ ಎಂದು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ. ದೊಡ್ಡಬಳ್ಳಾಪುರ, ಹಾರೋಹಳ್ಳಿ, ನರಸಾಪುರ ಕಡೆಯ ಕಾರ್ಖಾನೆಗಳನ್ನು ನಾವು ಹುಡುಕಿಕೊಂಡು ಹೋಗುವುದು ಡಿಸೆಂಬರ್–ಜನವರಿಯಲ್ಲಿ, ಮತ್ತೆ ಜುಲೈ–ಆಗಸ್ಟ್‌ನಲ್ಲಿ. ಫೆಬ್ರವರಿ ಮತ್ತು ಸೆಪ್ಟೆಂಬರ್ ಕೊನೆಯೊಳಗೆ ಆರ್ಡರ್ ಕೈಗೆ ಬಂದರೆ ಮಾತ್ರ ಮಾದರಿ ತೆಗೆಯುವ ಯಂತ್ರಗಳು ಸಮಯಕ್ಕೆ ಊರು ತಲುಪುತ್ತವೆ.

ಬೆಲೆ ಕಟ್ಟುವಾಗ ಜನ ಎಡವುವುದೂ ಇಲ್ಲೇ. ವಾಯು ಮಾದರಿ ವಾರಕ್ಕೆ ಎರಡು ದಿನ, ಒಂದೊಂದು 24 ಗಂಟೆ, 12 ವಾರ: ಒಂದು ಕೇಂದ್ರಕ್ಕೆ 24 ಮಾದರಿ. ಎಂಟು ಕೇಂದ್ರವಾದರೆ 192. ಪ್ರತಿ ಮಾದರಿಗೂ ಲ್ಯಾಬ್ ಶುಲ್ಕ, ಪ್ರತಿ ಕೇಂದ್ರಕ್ಕೂ ವಿದ್ಯುತ್ ಕೊಡುವ ಮನೆ ಅಥವಾ ಶಾಲೆ, ಯಂತ್ರ ಕಾಯುವ ಒಬ್ಬರು, ಕರೆಂಟ್ ಹೋದಾಗ ಮರುಮಾದರಿ. ಸಮಿತಿ ಟಿಒಆರ್ (ಅಧ್ಯಯನದಲ್ಲಿ ಏನೇನಿರಬೇಕು ಎಂಬ ಪಟ್ಟಿ) ಕೊಡುವಾಗ ಎರಡು ಕೇಂದ್ರ ಹೆಚ್ಚಿಸಿದರೆ 48 ಮಾದರಿ ಏರುತ್ತದೆ. ಹಾಗಾಗಿ ಕೋಟೇಶನ್‌ನಲ್ಲಿ ‘ವಾಯು: 8 ಕೇಂದ್ರ, ಹೆಚ್ಚುವರಿ ಕೇಂದ್ರಕ್ಕೆ ತಲಾ ಇಷ್ಟು’ ಎಂದು ದರವನ್ನು ಬಿಡಿಸಿ ಬರೆಯಬೇಕು. ಒಟ್ಟು ಮೊತ್ತ ಮಾತ್ರ ಬರೆದವರು ಆ 48 ಮಾದರಿಯ ಖರ್ಚನ್ನು ಕೈಯಿಂದ ಹಾಕುತ್ತಾರೆ.

ಹಣದ ಕಂತು ಎಂದೂ ‘ಈಸಿ ಬಂದ ಮೇಲೆ ಬ್ಯಾಲೆನ್ಸ್’ ಆಗಬಾರದು. ಆದೇಶಕ್ಕೆ 30%, ಬೇಸ್‌ಲೈನ್ ಮುಗಿದಾಗ 30%, ಕರಡು ವರದಿಗೆ 30%, ಅಂತಿಮ ವರದಿ ಸರ್ಕಾರದ ಪರಿವೇಶ್ ಪೋರ್ಟಲ್‌ಗೆ ಏರಿದಾಗ 10%. ಅನುಮತಿಗೆ ಕಟ್ಟಿದ ಕಂತು ನಗದನ್ನು ತಡೆಯುವುದಷ್ಟೇ ಅಲ್ಲ, ವರದಿ ಬರೆಯುವವರ ಕೈಯನ್ನೂ ವಾಲಿಸುತ್ತದೆ. ಜಿಎಸ್‌ಟಿ 18% ಹೊರಗೋ ಒಳಗೋ ಎಂಬುದನ್ನು ಮೊತ್ತದ ಪಕ್ಕದಲ್ಲೇ ಬರೆಯಿರಿ. ‘ಎಲ್ಲ ತೆರಿಗೆ ಸೇರಿ’ ಎಂಬ ಟೆಂಡರ್‌ಗೆ 10 ಲಕ್ಷ ಕೋಟ್ ಮಾಡಿದರೆ ಕೈಗೆ ಉಳಿಯುವುದು 8,47,458 ರೂಪಾಯಿ.

ಟೆಂಡರ್‌ಗಳಲ್ಲಿ ನಾನು ಮೊದಲು ತೆರೆಯುವುದು ಮೌಲ್ಯಮಾಪನದ ಪುಟ. ಗುಣಮಟ್ಟ ಮತ್ತು ದರ ಎರಡನ್ನೂ ತೂಗುವ ಕ್ಯೂಸಿಬಿಎಸ್ ಪದ್ಧತಿಯಲ್ಲಿ ದರದ ಅಂಕ ಎಂದರೆ ಅತಿ ಕಡಿಮೆ ದರವನ್ನು ನಮ್ಮ ದರದಿಂದ ಭಾಗಿಸಿ 100ರಿಂದ ಗುಣಿಸಿದ್ದು. ನಮಗೆ ತಾಂತ್ರಿಕ ಅಂಕ 88, ದರ 30 ಲಕ್ಷ. ಎದುರಾಳಿಗೆ 78, ದರ 20 ಲಕ್ಷ ಎಂದಿಟ್ಟುಕೊಳ್ಳಿ. ತೂಕ 80:20 ಆದರೆ ನಮಗೆ 83.73, ಅವರಿಗೆ 82.40; ಗೆಲುವು ನಮ್ಮದು. ಅದೇ ಅಂಕ, ಅದೇ ದರ, ತೂಕ 70:30 ಆದರೆ ನಮಗೆ 81.60, ಅವರಿಗೆ 84.60. ಬಿಡ್ ಬರೆಯಲು ಕೂರುವ ಮೊದಲೇ ಈ ಲೆಕ್ಕವನ್ನು ಎರಡು ಮೂರು ಊಹೆಯ ದರಗಳಿಂದ ಹಾಕಿ ನೋಡುತ್ತೇವೆ. ಅತಿ ಕಡಿಮೆ ದರಕ್ಕಷ್ಟೇ ಕೆಲಸ ಕೊಡುವ ಶುದ್ಧ ಎಲ್1 ಟೆಂಡರ್, ಅದೂ ಆರೇಳು ತಜ್ಞರ ಹೆಸರು ಕೇಳುವಂಥದ್ದು, ನಮ್ಮಂಥವರಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಬಿಡ್ ಮಾಡುವುದೋ ಬಿಡುವುದೋ ಎಂಬ ತೀರ್ಮಾನ ನನ್ನೊಬ್ಬನದಲ್ಲ. ವಾರಕ್ಕೊಂದು ಸಭೆ, ಕೆಲಸ ಮಾಡಬೇಕಾದ ತಂಡದ ಮುಖ್ಯಸ್ಥರು ಇರಲೇಬೇಕು. ಮೇಜಿನ ಮೇಲೆ ಒಂದೇ ಹಾಳೆ: ಗ್ರಾಹಕರು ಹಿಂದೆ ಹಣ ಕೊಟ್ಟ ರೀತಿ, ಬೇಕಾದ ತಜ್ಞರ ದಿನಗಳು, ಆ ತಿಂಗಳು ಅವರು ಖಾಲಿ ಇದ್ದಾರಾ, ಬಿಡ್ ಬರೆಯಲು ಹೋಗುವ ಗಂಟೆಗಳು. ಕೊನೆಯದನ್ನು ಬೇರೆ ಕಡೆ ಯಾರೂ ಬರೆಯುವುದಿಲ್ಲ. ಇಲ್ಲಿ ಬಿಡ್‌ಗೆ ಹೋದ ಗಂಟೆ ಎಲ್ಲ ಷೇರುದಾರರ ಜೇಬಿನದು, ಆದ್ದರಿಂದ ಟೈಮ್‌ಶೀಟ್‌ನಲ್ಲಿ ಅದಕ್ಕೆ ಪ್ರತ್ಯೇಕ ಕೋಡ್ ಇದೆ. ಪದೇ ಪದೇ ಆಗುವ ಎಡವಟ್ಟೆಂದರೆ ಒಬ್ಬರೇ ಅಂತರ್ಜಲ ತಜ್ಞರ ಸಿವಿ ಒಂದೇ ತಿಂಗಳಿನ ಮೂರು ಬಿಡ್‌ಗಳಲ್ಲಿ ಹೋಗುವುದು. ಮೂರೂ ಗೆದ್ದರೆ ಮುಗಿಯಿತು ಕಥೆ. ಸಿವಿಗೆ ಸಹಿ ಹಾಕಿಸುವಾಗಲೇ ಅವರ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಪೆನ್ಸಿಲ್‌ನಿಂದ ಕಾದಿರಿಸುತ್ತೇವೆ. ಜಾಗ ಇಲ್ಲದಿದ್ದರೆ ಬಿಡ್ ಇಲ್ಲ.

ಹಳೆಯ ಕ್ಲೈಂಟ್‌ಗಳಿಂದ ಮತ್ತೆ ಕೆಲಸ ಬರುವುದು ಜಾಹೀರಾತಿನಿಂದಲ್ಲ, ಕಾನೂನಿನ ದಿನಾಂಕಗಳಿಂದ. ಈಸಿ ಷರತ್ತುಗಳ ಅರ್ಧವಾರ್ಷಿಕ ಅನುಪಾಲನಾ ವರದಿ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ. ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವಿವರ, ಫಾರ್ಮ್ 4, ಜೂನ್ 30ಕ್ಕೆ. ಪರಿಸರ ಹೇಳಿಕೆ, ಫಾರ್ಮ್ 5, ಸೆಪ್ಟೆಂಬರ್ 30ಕ್ಕೆ. ಪ್ರತಿಯೊಂದಕ್ಕೂ ಆರು ವಾರ ಮುಂಚೆ ಒಂದು ಇಮೇಲ್: ಏನು ಬಾಕಿ, ಯಾವ ಟೆಸ್ಟ್ ರಿಪೋರ್ಟ್ ಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್ (ಸಮ್ಮತಿ) ಯಾವಾಗ ಮುಗಿಯುತ್ತದೆ. ಕೆಳಗೆ ‘ನಮ್ಮ ಸೇವೆಗಳು’ ಪಟ್ಟಿ ಬೇಡ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಇಎಚ್‌ಎಸ್ (ಪರಿಸರ, ಆರೋಗ್ಯ, ಸುರಕ್ಷತೆ) ಅಧಿಕಾರಿ ಆ ಇಮೇಲನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಂಡರೆ ಅದಕ್ಕಿಂತ ದೊಡ್ಡ ಹೋರ್ಡಿಂಗ್ ಬೇಡ.

ಬಿಆರ್‌ಎಸ್‌ಆರ್, ಅಂದರೆ ಕಂಪನಿಗಳ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯ ಕೆಲಸಕ್ಕೆ ಒಂದು ಎಚ್ಚರಿಕೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ 2022–23ರಿಂದ ಇದು ಕಡ್ಡಾಯವಾದ ಮೇಲೆ ಬೇಡಿಕೆ ಬಂತು. ಆದರೆ ವರದಿ ಸಿದ್ಧಪಡಿಸಲು ನೆರವಾದವರು ಅದೇ ಕಂಪನಿಯ ಬಿಆರ್‌ಎಸ್‌ಆರ್ ಕೋರ್‌ಗೆ (ವರದಿಯ ಮುಖ್ಯ ಸೂಚಕಗಳಿಗೆ) ಅಸ್ಯೂರೆನ್ಸ್, ಅಂದರೆ ಪರಿಶೀಲಿಸಿ ಖಾತರಿ, ಕೊಡುವಂತಿಲ್ಲ. ಯಾವ ಕಡೆ ನಿಲ್ಲುತ್ತೇವೆ ಎಂಬುದನ್ನು ಮೊದಲ ಭೇಟಿಗೆ ಹೋಗುವ ಮುನ್ನವೇ ತೀರ್ಮಾನಿಸಿ, ಕ್ಲೈಂಟ್ ಪಟ್ಟಿಯಲ್ಲಿ ಗುರುತು ಹಾಕಿಡಬೇಕು.

ಸಾರ್ವಜನಿಕ ಅಹವಾಲು ಇರುವ ಯೋಜನೆಗಳಲ್ಲಿ ಇಐಎ ಸಾರಾಂಶ ಕನ್ನಡದಲ್ಲೂ ಇರಬೇಕು. ಜನರಿಗೆ ಕನಿಷ್ಠ 30 ದಿನದ ನೋಟಿಸ್. ಕೊನೆಯ ರಾತ್ರಿ ಯಂತ್ರಾನುವಾದಕ್ಕೆ ಕೊಟ್ಟ ಸಾರಾಂಶ ಅಹವಾಲಿನಲ್ಲಿ ಮೈಕ್ ಮುಂದೆ ಸಿಕ್ಕಿಬೀಳುತ್ತದೆ. ಬೋರ್‌ವೆಲ್ ನೀರು ದಿನಕ್ಕೆ ಎಷ್ಟು, ಚಿಮಣಿ ಎತ್ತರ ಎಷ್ಟು, ಊರಿಗೆ ಎಷ್ಟು ಲಾರಿ ಬರುತ್ತವೆ: ಇವೇ ಮೊದಲ ಪುಟದಲ್ಲಿರಬೇಕಾದ ಉತ್ತರಗಳು. ಇದನ್ನು ಪ್ರಪೋಸಲ್‌ನಲ್ಲೇ ಪ್ರತ್ಯೇಕ ಕೆಲಸವಾಗಿ, ಪ್ರತ್ಯೇಕ ದಿನಗಳೊಂದಿಗೆ ತೋರಿಸುತ್ತೇವೆ. ಕನ್ನಡ ಬರೆಯಬಲ್ಲ ಸಾಮಾಜಿಕ ತಜ್ಞರ ಹೆಸರನ್ನೂ ಹಾಕುತ್ತೇವೆ. ಅಂಕ ಸಿಗುತ್ತದೆ.

ನೇಮಕಾತಿಯ ಜಾಹೀರಾತೂ ನನ್ನ ಪಾಲಿಗೇ ಬರುತ್ತದೆ. ‘ಷೇರು ಕೊಡುತ್ತೇವೆ’ ಎಂದು ಮಾತ್ರ ಬರೆದರೆ ಮುಂದೆ ಜಗಳ ಖಚಿತ. ಆಫರ್ ಲೆಟರ್ ಜೊತೆ ಒಂದು ಪುಟ ಕೊಡುತ್ತೇವೆ: ಇಸಾಪ್‌ನಲ್ಲಿ (ನೌಕರರಿಗೆ ಷೇರು ಕೊಡುವ ಯೋಜನೆ) ಗ್ರ್ಯಾಂಟ್‌ಗೂ (ಷೇರಿನ ಹಕ್ಕು ಕೊಡುವುದು) ವೆಸ್ಟಿಂಗ್‌ಗೂ (ಆ ಹಕ್ಕು ಬಳಸಲು ಅರ್ಹರಾಗುವುದು) ಕನಿಷ್ಠ ಒಂದು ವರ್ಷ ಅಂತರ ಕಾನೂನೇ ಹೇಳಿದೆ, ಲಿಸ್ಟ್ ಆಗದ ಷೇರನ್ನು ಮಾರುಕಟ್ಟೆಯಲ್ಲಿ ಮಾರಲಾಗದು, ಷೇರು ಪಡೆಯುವ ದಿನ ಅದರ ಮೌಲ್ಯ ಮತ್ತು ಕೊಟ್ಟ ಬೆಲೆಯ ನಡುವಿನ ವ್ಯತ್ಯಾಸ ಸಂಬಳದಂತೆ ತೆರಿಗೆಗೆ ಬರುತ್ತದೆ, ಕೈಗೆ ನಗದು ಬಂದಿರುವುದಿಲ್ಲ, ಬಿಟ್ಟು ಹೋಗುವಾಗ ಕಂಪನಿ ಮರಳಿ ಕೊಳ್ಳುವ ಸೂತ್ರ ಇದು. ಮರಳಿ ಕೊಳ್ಳಲು ನಗದು ಬೇಕು. ಅದಕ್ಕೇ ಪ್ರತಿ ತಿಂಗಳ ಸಭೆಯಲ್ಲಿ ನಾನು ಇಡುವ ಪಟ್ಟಿಯಲ್ಲಿ ಗೆದ್ದ ಕೆಲಸ, ಗೆಲ್ಲಬಹುದಾದ ಕೆಲಸ, ಬಿಲ್ ಆಗಿ ಹಣ ಬಾರದ ಕೆಲಸ ಮೂರಕ್ಕೂ ಬೇರೆ ಬೇರೆ ಕಾಲಂ. ಪಟ್ಟಿಯಲ್ಲಿ ಹೆಚ್ಚು ಪ್ರಶ್ನೆ ಬರುವುದು ಮೂರನೆಯದರ ಮೇಲೆ, ಅದೂ ಬಹುತೇಕ ಲ್ಯಾಬ್‌ನವರಿಂದ.